ಕ್ಲಿಫ್ಟನ್‌ಸ್ಟ್ರೆಂತ್ಸ್ ಪರೀಕ್ಷೆ: ಮೂರು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ನಮ್ಮ ಸಹಜ ಸಾಮರ್ಥ್ಯಗಳನ್ನು ಗುರುತಿಸುವ, ಗ್ಯಾಲಪ್ ಸಂಸ್ಥೆಯ ಈ ಆನ್‌ಲೈನ್ ಪರೀಕ್ಷೆಗೆ ಮೊದಲು ಸ್ಟ್ರೆಂತ್ಸ್‌ಫೈಂಡರ್ ಎಂಬ ಹೆಸರಿತ್ತು. 177 ಜೋಡಿ ಹೇಳಿಕೆಗಳು, ಪ್ರತಿ ಜೋಡಿಗೆ 20 ಸೆಕೆಂಡ್. ಎರಡರಲ್ಲಿ ಯಾವುದು ನಿಮಗೆ ಹೊಂದುತ್ತದೆ, ಎಷ್ಟು ಹೊಂದುತ್ತದೆ ಎಂದು ಗುರುತು ಹಾಕಬೇಕು. ಕೊನೆಗೆ 34 ‘ಥೀಮ್’ಗಳಲ್ಲಿ, ಅಂದರೆ ಸಾಮರ್ಥ್ಯದ ಬಗೆಗಳಲ್ಲಿ, ನಿಮ್ಮ ಮೊದಲ ಐದು ಸಿಗುತ್ತವೆ, ಹೆಚ್ಚು ಹಣ ಕೊಟ್ಟರೆ ಪೂರ್ತಿ ಪಟ್ಟಿ.

ಪರೀಕ್ಷೆ ಪರವಾಗಿಲ್ಲ. ಆದರೆ ವರದಿಯನ್ನೇ ತೀರ್ಪು ಅಂದುಕೊಂಡರೆ ಹಣ ದಂಡ. ಅದು ನಿಮ್ಮ ಬಗ್ಗೆ ನೀವೇ ಹೇಳಿದ್ದನ್ನು ಜೋಡಿಸಿ ಕೊಟ್ಟ ಊಹೆ, ಅಷ್ಟೇ.

ಪರೀಕ್ಷೆ ಬರೆಯುವಾಗ ಮುಕ್ಕಾಲು ಗಂಟೆ ಬಿಡುವು ಮಾಡಿಕೊಳ್ಳಿ. ಆಫೀಸಿನ ಗುಂಗಿನಲ್ಲಿ ಕೂತರೆ ಹುದ್ದೆ ಬೇಡುವ ಉತ್ತರಗಳೇ ಬರುತ್ತವೆ, ನಿಮ್ಮವಲ್ಲ. ಅನುಮಾನ ಬಂದಾಗಲೆಲ್ಲ ನಡುವಿನ ಗುರುತನ್ನೇ ಒತ್ತುವ ಅಭ್ಯಾಸ ಇನ್ನೊಂದು ಕಾಟ. ಹಾಗೆ ಮಾಡಿದರೆ ಪಟ್ಟಿಯಲ್ಲಿ ಹುರುಳಿರುವುದಿಲ್ಲ.

ವರದಿಯಲ್ಲಿ ಕ್ರಮ ಇದೆ, ಅಂತರ ಇಲ್ಲ. ಐದನೆಯದಕ್ಕೂ ಆರನೆಯದಕ್ಕೂ ಕೂದಲೆಳೆಯ ವ್ಯತ್ಯಾಸವಿದ್ದರೂ ಗೊತ್ತಾಗುವುದಿಲ್ಲ. ಹಾಗಾಗಿ ಐದಕ್ಕೆ ನಿಲ್ಲಿಸದೆ ಮೊದಲ ಹತ್ತನ್ನು ನೋಡುವುದು ವಾಸಿ. ಹೆಸರುಗಳೂ ದಾರಿ ತಪ್ಪಿಸುತ್ತವೆ. ‘ಕಮಾಂಡ್’ (ಮುಂದೆ ನಿಂತು ಹಿಡಿತ ತೆಗೆದುಕೊಳ್ಳುವ ಗುಣ) ಕೆಳಗಿದೆ, ಆದ್ದರಿಂದ ತಂಡ ನಡೆಸಲಾರೆ ಎಂದು ಓದಿಕೊಳ್ಳುವವರಿದ್ದಾರೆ. ತಂಡವನ್ನು ಬೇರೆ ರೀತಿಯಲ್ಲಿ ನಡೆಸುವಿರಿ ಎಂದಷ್ಟೇ ಅದರರ್ಥ.

ನಿಜವಾದ ಕೆಲಸ ಶುರುವಾಗುವುದು ವರದಿ ಬಂದ ಮೇಲೆ. ಮೇಲಧಿಕಾರಿ, ಸಹೋದ್ಯೋಗಿ, ಕೆಲಸದ ಆಚೆಯ ಪರಿಚಿತರು ಹೀಗೆ ಮೂರು ಗುಂಪಿನಿಂದ ಆರೇಳು ಜನರನ್ನು ಕೇಳಿ. ‘ನನ್ನ ಸಾಮರ್ಥ್ಯ ಏನು?’ ಎಂದರೆ ಒಳ್ಳೆಯವರು, ಶ್ರಮಜೀವಿ ಎಂಬ ಮರ್ಯಾದೆಯ ಮಾತು ಸಿಗುತ್ತದೆ. ‘ನಾನು ಚೆನ್ನಾಗಿ ನಿಭಾಯಿಸಿದ ಒಂದು ಸಂದರ್ಭ ಹೇಳಿ, ಆಗ ನಾನು ಮಾಡಿದ್ದೇನು?’ ಎಂದು ಕೇಳಿ. ವರದಿಯನ್ನು ಮೊದಲೇ ತೋರಿಸಬೇಡಿ, ತೋರಿಸಿದರೆ ಅದನ್ನೇ ತಿರುಗಿಸಿ ಹೇಳುತ್ತಾರೆ. ಬಂದ ಒಂದೊಂದು ಪ್ರಸಂಗದ ಪಕ್ಕ ಹೊಂದುವ ಥೀಮ್ ಬರೆಯಿರಿ. ಕನಿಷ್ಠ ಎರಡು ಗುಂಪಿನಲ್ಲಿ ಕಾಣಿಸಿದ್ದು ಗಟ್ಟಿ. ವರದಿಯಲ್ಲಿ ಮೇಲಿದ್ದೂ ಯಾರ ಕಣ್ಣಿಗೂ ಬೀಳದ ಥೀಮ್ ಇದ್ದರೆ, ಅದು ಬಳಸದೆ ಉಳಿದ ಶಕ್ತಿಯೋ ಬರೀ ಆಸೆಯೋ ನೋಡಬೇಕು. ಎಲ್ಲರೂ ಹೊಗಳುವ, ಆದರೆ ವರದಿಯಲ್ಲಿ ಕೆಳಗಿರುವ ಥೀಮ್‌ಗೆ ಸೇರಿದ ಕೆಲಸವೂ ಕಾಣಿಸಬಹುದು. ಅದನ್ನು ಮುಗಿಸಿದ ಮೇಲೆ ಹುರುಪೋ ಸುಸ್ತೋ ಗಮನಿಸಿ; ಸುಸ್ತಾದರೆ ಅದು ಕಲಿತ ಕೌಶಲ, ಅದರ ಮೇಲೆ ವೃತ್ತಿ ಕಟ್ಟಿದರೆ ಬೇಗ ಬೇಸರ ಬರುತ್ತದೆ.

ಜೊತೆಗೆ ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ಹೇಳಿದ ಹಳೆಯ ಉಪಾಯವನ್ನೂ ಹಿಡಿಯಿರಿ: ಮುಖ್ಯ ನಿರ್ಧಾರ ಮಾಡಿದಾಗಲೆಲ್ಲ ನಿರೀಕ್ಷೆಯನ್ನು ಬರೆದಿಟ್ಟು, 9ರಿಂದ 12 ತಿಂಗಳಾದ ಮೇಲೆ ಫಲಿತಾಂಶದೊಂದಿಗೆ ಹೋಲಿಸುವುದು. ಬರೆಯದೆ ನೆನಪನ್ನು ನಂಬಿದರೆ ಕೆಲಸಕ್ಕೆ ಬಾರದು. ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ದೊಡ್ಡ ಕೊರತೆ ಒಂದಿದೆ. ಯಾವ ವೃತ್ತಿ ಎಂಬುದನ್ನು ಈ ವರದಿ ಹೇಳುವುದಿಲ್ಲ. ಅದಕ್ಕೆ ಆಸಕ್ತಿಯ ಪರೀಕ್ಷೆ ಬೇರೆ ಬೇಕು. ಅಮೆರಿಕದ ಕಾರ್ಮಿಕ ಇಲಾಖೆಯ ಓ*ನೆಟ್ ಇಂಟರೆಸ್ಟ್ ಪ್ರೊಫೈಲರ್ ಉಚಿತ. ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಅವರ ಆರು ಆಸಕ್ತಿ ಬಗೆಗಳ ಮೇಲೆ 60 ಪ್ರಶ್ನೆ, ಉದ್ಯೋಗಗಳ ಪಟ್ಟಿಯನ್ನೂ ಕೊಡುತ್ತದೆ. ಆಸಕ್ತಿ ಕ್ಷೇತ್ರವನ್ನು ಸೂಚಿಸಿದರೆ, ಥೀಮ್‌ಗಳು ಆ ಕ್ಷೇತ್ರದಲ್ಲಿ ಯಾವ ಬಗೆಯ ಪಾತ್ರ ಹಿಡಿಸೀತು ಎಂಬುದನ್ನು.

ಐದರಲ್ಲಿ ಮೂರೂವರೆ ಅಂಕ. ಜನರನ್ನು ಕೇಳಲು ಸಂಕೋಚವಿದ್ದರೆ ಎರಡು. ಮತ್ತೆ ಹಣ ಕೊಟ್ಟು ಎರಡನೇ ಬಾರಿ ಬರೆಯುವ ಅಗತ್ಯ ಕಾಣುವುದಿಲ್ಲ.