ಇಂಗ್ಲಿಷ್ ಕ್ಲಾಸಿನಲ್ಲಿ ಸಿಕ್ಕಿದ ಸಕ್ಕರೆಯ ನೆಂಟರು

ಮಂಡ್ಯದಲ್ಲಿ ಒಂದು ಬೇಕರಿಯ ಮೇಲಿನ ರೂಮಿನಲ್ಲಿ ಭಾನುವಾರ ಬೆಳಗ್ಗೆ ಇಂಗ್ಲಿಷ್ ಪದಗಳ ಕ್ಲಾಸು ನಡೆಯುತ್ತದೆ. ತಿಂಗಳಿಗೆ 900 ರೂಪಾಯಿ. ಎರಡು ತಿಂಗಳು ಹೋದೆ. ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರ ಮಧ್ಯೆ ನಲವತ್ತು ದಾಟಿದವನು ನಾನೊಬ್ಬನೇ. ಮಗಳು ಅರ್ಥ ಕೇಳಿದಾಗಲೆಲ್ಲ "ಡಿಕ್ಷನರಿ ನೋಡಮ್ಮ" ಅಂದು ಅಂದು ನನಗೇ ನಾಚಿಕೆಯಾಗಿತ್ತು.

ಮೊದಲ ದಿನವೇ ಮೇಷ್ಟ್ರು ಬೋರ್ಡಿನ ಮೇಲೆ ‘ಸ್ಯಾಕರಿನ್’ ಅಂತ ಬರೆದರು. ಸಕ್ಕರೆ ಬದಲಿಗೆ ಹಾಕುವ, ಔಷಧಿ ಅಂಗಡಿಯ ಮಾತ್ರೆಗಷ್ಟೇ ಅಲ್ಲ, ವಾಕರಿಕೆ ಬರಿಸುವಷ್ಟು ಸಿಹಿಯಾದ ಮಾತಿಗೂ ಹಾಗಂತಾರೆ. ಸಂಸ್ಕೃತದ ಶರ್ಕರಾ ಗ್ರೀಕ್, ಲ್ಯಾಟಿನ್ ಕಡೆ ಹೋಗಿ ಈ ಪದವಾಯಿತು. ಪರ್ಷಿಯನ್, ಅರಬ್ಬಿ ದಾರಿಯಲ್ಲಿ ಹೋಗಿ ಶುಗರ್ ಆಯಿತು. ಮಲಯಾಳದಲ್ಲಿ ಚಕ್ಕರ ಆಗಿ, ಪೋರ್ಚುಗೀಸರ ಬಾಯಿಗೆ ಬಿದ್ದು ಜ್ಯಾಗರಿ, ಅಂದರೆ ಬೆಲ್ಲ ಆಯಿತು. ನಮ್ಮ ಸಕ್ಕರೆಯೂ ಅದೇ ಮನೆಯದ್ದು.

ನಮ್ಮಪ್ಪ ಆಲೆಮನೆ ನಡೆಸಿದವರು. ಮನೆಗೆ ಬಂದು ಹೇಳಿದೆ.
"ಶರ್ಕರಾ ಅಂದ್ರೆ ಏನ್ಲಾ?"
"ಮರಳು, ಹರಳು ಅಂತ ಅಪ್ಪ."
"ಬೆಲ್ಲದಲ್ಲಿ ಮರಳು ಸಿಕ್ರೆ ಜಗಳಕ್ಕೆ ಬತ್ತಾರೆ. ಇಲ್ಲಿ ಹೆಸರೇ ಮರಳಾ!"

ಆ ತಿಂಗಳು ಕಲಿತದ್ದು ಒಂದೂ ಮರೆತಿಲ್ಲ. ಡಿಸಾಸ್ಟರ್ ಒಳಗೆ ಕೆಟ್ಟ ನಕ್ಷತ್ರ ಕೂತಿದೆ, ಅಂದರೆ ನಮ್ಮ ಗ್ರಹಚಾರವೇ ಅಲ್ವಾ? ಇಗ್ರೀಜಿಯಸ್ ಅಂದರೆ ಹಿಂಡಿನಿಂದ ಎದ್ದು ಕಾಣುವುದು. ಮೊದಲು ಅದು ಹೊಗಳಿಕೆ, ಈಗ ಬೈಗುಳ.

ಒಂದು ತಕರಾರು. ಸ್ಯಾಲರಿ ಪದಕ್ಕೆ ಉಪ್ಪಿನ ನಂಟಿರುವುದು ನಿಜ. ಆದರೆ ರೋಮಿನ ಸೈನಿಕರಿಗೆ ಸಂಬಳವನ್ನೇ ಉಪ್ಪಿನಲ್ಲಿ ಅಳೆದು ಕೊಡುತ್ತಿದ್ದರು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಮೇಷ್ಟ್ರು ಮಾತ್ರ ಕಣ್ಣಾರೆ ಕಂಡವರ ಹಾಗೆ ಹೇಳಿದರು. ಕೇಳಿದರೆ "ಪರೀಕ್ಷೆಗೆ ಅಷ್ಟು ಸಾಕು ಸಾರ್" ಅಂದುಬಿಟ್ಟರು.

ಎರಡನೇ ತಿಂಗಳು ಪೂರ್ತಿ ಬೇರೆ ಕಥೆ. ವಾರಕ್ಕೊಂದು ಜೆರಾಕ್ಸ್ ಹಾಳೆ, ಅದರಲ್ಲಿ ನಲವತ್ತು ಪದ, ಎದುರಿಗೆ ಅರ್ಥ. ಹುಟ್ಟೂ ಇಲ್ಲ, ಊರೂ ಇಲ್ಲ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುವುದು. ಬುಧವಾರದ ಹೊತ್ತಿಗೆ ಅರ್ಧಕ್ಕರ್ಧ ಮಾಯ. ಜೆರಾಕ್ಸಿಗೆ ಬೇರೆ 60 ರೂಪಾಯಿ ಕಿತ್ತುಕೊಂಡರು.

ಸೇರುವುದಾದರೆ ಮೊದಲ ತಿಂಗಳಿಗೆ ಮಾತ್ರ ಸೇರಿ. ಎರಡಕ್ಕೂ ಒಟ್ಟಿಗೆ ಕಟ್ಟಿದರೆ 200 ಕಮ್ಮಿ ಅಂತಾರೆ, ಕಟ್ಟಬೇಡಿ. ಹಾಂ, ಕೆಳಗಿನ ಬೇಕರಿಯಲ್ಲಿ ಬಿಸಿ ದಿಲ್‌ಪಸಂದ್ ಬರುವುದು ಹನ್ನೊಂದಕ್ಕೆ. ಕ್ಲಾಸು ಬಿಡುವುದೂ ಆಗಲೇ.