ಹೊಸ ಪಂಪ್ ಕೋವಿ, ಭಾವನ ಹಳೇ ಪಂಪ್, ಮನೆಯ ಜೋಡುನಳಿಗೆ

ಹೊಸ ಪಂಪ್ ಆ್ಯಕ್ಷನ್ ಕೋವಿ (ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ಮುಂದಿನ ಗುಂಡು ತುಂಬುವಂಥದ್ದು) ಕೊಂಡವರು ಹೇಳುವ ದೂರು ಸಾಮಾನ್ಯವಾಗಿ ಒಂದೇ: "ಜಾಮ್ ಆಗ್ತದೆ." ಆದರೆ ಒಂದು ಜಾಮ್ ಕೋವಿಯದ್ದು, ಒಂದು ತೋಟೆಯದ್ದು ಅಂದರೆ ಕಾರ್ಟ್ರಿಜ್‌ನದ್ದು, ಇನ್ನೊಂದು ಎಳೆಯುವ ಕೈಯದ್ದು. ಯಾವುದು ಯಾವುದೆಂದು ಬೇರೆ ಮಾಡದೆ ಕೋವಿಯನ್ನು ಬೈದು ಪ್ರಯೋಜನವಿಲ್ಲ. ಅದಕ್ಕೇ ನನ್ನ ಹೊಸ ಪಂಪ್, ಭಾವನ ಬಳಿ ಹಲವು ವರ್ಷದಿಂದ ಇರುವ ಪಂಪ್, ನಮ್ಮ ಮನೆಯ ಹಳೇ ಜೋಡುನಳಿಗೆ, ಮೂರನ್ನೂ ರೇಂಜ್‌ನಲ್ಲಿ ಪಕ್ಕಪಕ್ಕ ಇಟ್ಟು ಒಂದೇ ಪೆಟ್ಟಿಗೆಯ ತೋಟೆ ಹೊಡೆದು ನೋಡಿದೆವು. ಮೂರೂ 12 ಬೋರ್, ಅಂದರೆ ನಳಿಗೆಯ ಅಳತೆ ಒಂದೇ.

ಮೊದಲು ದೋಷವೇ ಅಲ್ಲದ್ದನ್ನು ಬದಿಗಿಡೋಣ. ಪಂಪ್ ಎಳೆದು ಮುಚ್ಚಿದ ಮೇಲೆ ಗುಂಡು ಹಾರುವ ತನಕ ಅದು ಬೀಗ ಹಾಕಿದ ಹಾಗೆ. ಸುಮ್ನೆ ಎಳೆದರೆ ಬರುವುದಿಲ್ಲ. ಟ್ರಿಗರ್ ಗಾರ್ಡ್ ಹತ್ತಿರದ ಸಣ್ಣ ಒತ್ತುಗುಂಡಿ ಒತ್ತಬೇಕು. ಹಿಂದಕ್ಕೆ ಜಗ್ಗುತ್ತಲೇ ಒತ್ತಿದರೆ ಅದೂ ಕಚ್ಚಿಕೊಳ್ಳುತ್ತದೆ. ಮುಂಗೈ ಹಿಡಿಯನ್ನು ಚೂರು ಮುಂದಕ್ಕೆ ದೂಡಿ ಒತ್ತಿದರೆ ಸಲೀಸು. ಆ ಹಿಡಿ ಸ್ವಲ್ಪ ಅಲ್ಲಾಡುವುದೂ ಸಹಜ, ಭಾವನದ್ದು ನನ್ನದಕ್ಕಿಂತ ಜಾಸ್ತಿ ಗಲಗಲ ಅನ್ನುತ್ತದೆ.

ಕೈಯ ಜಾಮ್ ಕಂಡದ್ದು ಚಿಕ್ಕಪ್ಪನ ಮಗ ಹೊಡೆಯುವಾಗ. ಹಿಡಿಯನ್ನು ಪೂರ್ತಿ ಹಿಂದಕ್ಕೆ ತರದೆ ಅರ್ಧದಲ್ಲೇ ಮುಂದಕ್ಕೆ ಬಿಡುತ್ತಿದ್ದ. ಖಾಲಿ ತೋಟೆ ಹೊರಗೆ ಹಾರದೆ ಕಿಂಡಿಯಲ್ಲೇ ನಿಲ್ಲುತ್ತಿತ್ತು. "ಏನೋ, ಮೊಟ್ಟೆ ಹಿಡ್ದ ಹಾಗೆ ಹಿಡೀತೀಯಲ್ಲ, ಗಟ್ಟಿ ಎಳಿ" ಅಂದರು ಭಾವ. ಗಟ್ಟಿಯಾಗಿ ಎಳೆದ, ಭಾವನ ಕೋವಿ ಸರಿಹೋಯಿತು. ನನ್ನದು ಅರ್ಧ ಮಾತ್ರ ಸರಿಹೋಯಿತು. ಅಲ್ಲಿಗೆ ಉಳಿದದ್ದು ಕೋವಿಯದ್ದೋ ತೋಟೆಯದ್ದೋ ಅನ್ನುವ ಪ್ರಶ್ನೆ.

ಉತ್ತರ ಖಾಲಿ ತೋಟೆಗಳಲ್ಲೇ ಇತ್ತು. ನನ್ನ ಕೋವಿಯಿಂದ ಬಂದವುಗಳ ಬುಡದ ಲೋಹದ ಮೇಲೆ ಉದ್ದಕ್ಕೆ ಸಣ್ಣ ಸಣ್ಣ ಗೀರು. ಅಂಚಿನಲ್ಲಿ ಒಂದು ಕಡೆ ಅರ್ಧಚಂದ್ರದ ಹಾಗೆ ಕಚ್ಚಿದ ಗುರುತು. ಅಂದರೆ ತೋಟೆ ಕೂರುವ ಚೇಂಬರ್ ಒಳಗೆ ನುಣುಪಾಗಿರಲಿಲ್ಲ. ಹೊಡೆದಾಗ ಉಬ್ಬಿದ ತೋಟೆ ಅಲ್ಲಿ ಅಂಟಿಕೊಳ್ಳುತ್ತಿತ್ತು, ಅದನ್ನು ಎಳೆಯುವ ಕೊಕ್ಕೆ ಅಂಚನ್ನು ಕಚ್ಚಿ ಜಾರುತ್ತಿತ್ತು. ಅದೇ ಪೆಟ್ಟಿಗೆಯ ತೋಟೆ ಭಾವನ ಕೋವಿಯಿಂದ ಒಂದು ಗೀರೂ ಇಲ್ಲದೆ ಬಂತು. ಆದರೆ ತೋಟೆಯೂ ಪೂರ್ತಿ ನಿರಪರಾಧಿಯಲ್ಲ. ಇದರ ಬುಡ ಹಿತ್ತಾಳೆಯದ್ದಲ್ಲ, ಲೇಪ ಹಾಕಿದ ಉಕ್ಕಿನದ್ದು. ಹಿತ್ತಾಳೆ ಉಬ್ಬಿದ ಮೇಲೆ ಚೆನ್ನಾಗಿ ಕುಗ್ಗುತ್ತದೆ, ಉಕ್ಕು ಅಷ್ಟು ಕುಗ್ಗುವುದಿಲ್ಲ. ಹಿತ್ತಾಳೆ ಬುಡದ ತೋಟೆ ಹಾಕಿದಾಗ ನನ್ನ ಕೋವಿಯ ಕಾಟ ತುಂಬಾ ಕಡಿಮೆಯಾಯಿತು.

ಎರಡನೇ ದೋಷ ಇದಕ್ಕಿಂತ ಕೆಟ್ಟದ್ದು. ನಳಿಗೆಯ ಕೆಳಗಿನ ಕೊಳವೆಯಿಂದ ಒಂದು ಸಲಕ್ಕೆ ಒಂದೇ ತೋಟೆ ಬಿಡಲು ಒಳಗೆ ಸಣ್ಣ ತಡೆಗಳಿರುತ್ತವೆ. ನನ್ನದರಲ್ಲಿ ಒಂದು ತಡೆ ಸರಿಯಾಗಿ ಕೂತಿರಲಿಲ್ಲ. ಇನ್ನೊಂದು ತೋಟೆಯೂ ಹಿಂದೆಯೇ ಜಾರಿ ಬಂದು ತೋಟೆ ಎತ್ತುವ ತಟ್ಟೆಯ ಹತ್ತಿರ ಸಿಕ್ಕಿಕೊಳ್ಳುತ್ತಿತ್ತು. ಆಗ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಒಳಗೆ ಜೀವಂತ ತೋಟೆ ಇರುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟುವ ಕೆಲಸ ಯಾರೂ ಮಾಡಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೇ ಕೊಟ್ಟೆ. ಅವರು ಚೇಂಬರ್ ನಯ ಮಾಡಿದರು, ತಡೆ ಸರಿ ಮಾಡಿದರು, ಫ್ಯಾಕ್ಟರಿಯಲ್ಲಿ ತುಕ್ಕು ಹಿಡಿಯದ ಹಾಗೆ ಬಳಿದಿದ್ದ ಗಟ್ಟಿ ಗ್ರೀಸನ್ನೂ ತೊಳೆದು ಕೊಟ್ಟರು. ಈಗ ಚೆನ್ನಾಗಿದೆ. ಆದರೆ ಹೊಸ ಸಾಮಾನಿಗೆ ಈ ಕೆಲಸ ಕೊಂಡವನು ಮಾಡಿಸಬೇಕಾ?

ಜೋಡುನಳಿಗೆಯ ಬಗ್ಗೆ ಹೆಚ್ಚು ಹೇಳುವುದೇನಿದೆ! ಕೀಲಿನಲ್ಲಿ ಮಡಚಿ ತೆರೆದರೆ ಮುಗಿಯಿತು. ತೋಟೆ ಇದೆಯೋ ಇಲ್ಲವೋ ಪಕ್ಕದವರಿಗೂ ಕಾಣುತ್ತದೆ. ಪಂಪ್‌ನಲ್ಲಿ ಚೇಂಬರ್ ಖಾಲಿ ಕಂಡರೂ ಕೊಳವೆಯಲ್ಲಿ ಉಳಿದಿರಬಹುದು. ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡ್ತೇವಲ್ವಾ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಮೊದಲು ನಳಿಗೆಯಲ್ಲಿ ಕಡ್ಡಿ ಉಳಿದಿದೆಯಾ ಅಂತ ನೋಡಲೇಬೇಕು. ಜೋಡುನಳಿಗೆಯಲ್ಲಿ ತೆರೆದು ಬೆಳಕಿಗೆ ಹಿಡಿದರೆ ಆಯಿತು. ಪಂಪ್‌ನಲ್ಲಿ ಅಷ್ಟೇ ಸ್ಪಷ್ಟವಾಗಿ ನೋಡಬೇಕಾದರೆ ನಳಿಗೆ ಬಿಚ್ಚಬೇಕು. ನಳಿಗೆಯ ಉದ್ದ ಒಂದೇ ಇದ್ದರೂ ಪಂಪ್ ಹೆಚ್ಚು ಉದ್ದ, ಅದರ ಯಂತ್ರದ ಡಬ್ಬಿಗೇ ಜಾಗ ಬೇಕಲ್ಲ.

ಹಳೇ ಕೋವಿಗೂ ಅದರದ್ದೇ ಕಾಯಿಲೆ ಇದೆ. ನಮ್ಮದರ ಕೀಲು ಸ್ವಲ್ಪ ಸಡಿಲ. ಅದಕ್ಕಿಂತ ಮುಖ್ಯ ಚೇಂಬರ್ ಉದ್ದ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ 65 ಮಿ.ಮೀ. ತೋಟೆಗೆ ಮಾಡಿದವು. 70 ಮಿ.ಮೀ. ತೋಟೆ ಒಳಗೆ ಹೋಗಿ ಕೂರುತ್ತದೆ, ಆದರೆ ಹೊಡೆದಾಗ ಅದರ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಾವು ರೇಂಜ್‌ಗೆ ಹೋಗುವ ಮೊದಲೇ ನಮ್ಮದನ್ನು ಅಳತೆ ಮಾಡಿಸಿದ್ದೆವು, 70 ಅಂತ ಖಾತ್ರಿಯಾದ ಮೇಲೇ ಆ ಪೆಟ್ಟಿಗೆ ಮುಟ್ಟಿದ್ದು. ಇನ್ನು ಮಳೆಗಾಲದಲ್ಲಿ ಕಾಗದದ ತೋಟೆ ಶೀತ ಹಿಡಿದು ಊದಿಕೊಂಡರೆ ಯಾವ ಕೋವಿಯಲ್ಲೂ ಹೋಗುವುದಿಲ್ಲ. ಅದಕ್ಕೆ ಕೋವಿಯನ್ನು ದೂರಬೇಡಿ.

ಟ್ರಿಗರ್ ಒತ್ತಿ ತೋಟೆ ಸಿಡಿಯದಿದ್ದರೆ ಪಂಪ್‌ನವರು ತಕ್ಷಣ ಎಳೆದು ಬಿಸಾಡಲು ಹೋಗುತ್ತಾರೆ. ತಡವಾಗಿ ಸಿಡಿಯುವ ತೋಟೆಯೂ ಇರುತ್ತದೆ. ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆರೆಯಬೇಕು. ಇದು ಮೂರಕ್ಕೂ ಒಂದೇ.

2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆಯ ನಂತರ ಲೈಸೆನ್ಸ್‌ನಲ್ಲಿ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಹಾಗಾಗಿ ಹೊಸದೊಂದು ತರುವಾಗ ಯೋಚನೆ ಬೇಕು. ಮನೆಗೆ ಒಂದೇ ಸಾಕು ಅನ್ನುವವರಿಗೆ ನಾನು ಹೇಳುವುದು ಗಟ್ಟಿ ಕೀಲಿನ ಜೋಡುನಳಿಗೆಯೇ. ರೇಂಜ್‌ಗೆ ಆಗಾಗ ಹೋಗಿ ಸಾಲಾಗಿ ಹೊಡೆಯುವ ಆಸೆ ಇದ್ದರೆ ಪಂಪ್ ಮಜಾ ಕೊಡುತ್ತದೆ, ನಿಜ. ಆದರೆ ಹೊಸ ಮಾಲಿಗಿಂತ ಭಾವನದ್ದರ ಹಾಗೆ ಓಡಿ ಪಳಗಿದ, ದಾಖಲೆ ಸರಿಯಿರುವ ಹಳೇದು ಸಿಕ್ಕರೆ ನಾನು ಅದನ್ನೇ ತೆಗೆದುಕೊಳ್ಳುತ್ತೇನೆ.

ಹೊಸದೇ ಬೇಕು ಅಂದರೆ ಅಂಗಡಿಯಲ್ಲೇ ಮದ್ದಿಲ್ಲದ ಡಮ್ಮಿ ತೋಟೆ ಕೊಳವೆ ತುಂಬಾ ಹಾಕಿಸಿ, ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಎಳೆದು ನೋಡಿ. ಎರಡು ಒಟ್ಟಿಗೆ ಜಾರಿದರೆ ಅಲ್ಲೇ ವಾಪಸ್ ಕೊಡಿ. ಚೇಂಬರ್‌ಗೆ ಟಾರ್ಚ್ ಬಿಟ್ಟು ನೋಡಿದಾಗ ಉಳಿ ಹೊಡೆದಂಥ ಬಳೆ ಬಳೆ ಗೆರೆ ಕಂಡರೆ ಬೇರೆ ಪೀಸ್ ತೆಗೆಸಿ. ಇಷ್ಟು ನೋಡಲೂ ಬಿಡದ ಅಂಗಡಿಯಾದರೆ ಅಲ್ಲಿ ತೆಗೆದುಕೊಳ್ಳಬೇಡಿ.