ಬಂಡೆಯ ಚಿತ್ರ ನೋಡಿ 15 ಲಕ್ಷ ಕೊಟ್ಟೆ, ನೀವು ಕೊಡಬೇಡಿ

ಕನಕಪುರ ರಸ್ತೆಯ ಕಡೆ ‘ಪ್ರಕೃತಿಯಲ್ಲಿ ಬೆರೆತ ಮಣ್ಣಿನ ಮನೆ’, ವಾರಾಂತ್ಯಕ್ಕೆ ಬಂದು ಇರಬಹುದು ಎಂದು ಯಾರಾದರೂ ಕರೆದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಹೋಗಿ. ನಾನು 15 ಲಕ್ಷ ರೂಪಾಯಿ ಕೊಟ್ಟು ಕುಳಿತಿದ್ದೇನೆ. ಅದರಲ್ಲಿ 9 ಲಕ್ಷ ಅಪ್ಪನ ನಿವೃತ್ತಿಯ ಹಣ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಮೊದಲ ಸಲ ಹೋದಾಗ ನಿವೇಶನದಲ್ಲಿ ಆಳೆತ್ತರದ ಹುಟ್ಟುಬಂಡೆಯಿತ್ತು, ಪಕ್ಕದಲ್ಲೊಂದು ಹೊಂಗೆ ಮರ. ಮನೆ ಕಟ್ಟಿ ಮಾರುವವರ ಚಿತ್ರದಲ್ಲಿ ಆ ಬಂಡೆಯೇ ನಡುಮನೆಯ ಒಂದು ಗೋಡೆ, ಮರ ಒಳಅಂಗಳದಲ್ಲಿ. ಉಳಿದ ಗೋಡೆಗಳಿಗೆ ಸುಡದ ಮಣ್ಣಿನ ಇಟ್ಟಿಗೆ, ತಾರಸಿಯ ಮೇಲೆ ಹುಲ್ಲು. “ಒಂದು ಕಲ್ಲನ್ನೂ ಕದಲಿಸುವುದಿಲ್ಲ ಸರ್” ಎಂದ ಅವರ ಹುಡುಗ. ಅಪ್ಪ ಆ ಬಂಡೆಯ ಮೇಲೆ ಕುಳಿತು ಮುಖ ಒರೆಸಿಕೊಳ್ಳುತ್ತಾ, “ಪಹಣಿ ನೋಡಿದೆಯೇನೋ?” ಎಂದು ಕೇಳಿದರು. “ಎಲ್ಲಾ ಸರಿ ಇದೆಯಂತೆ ಅಪ್ಪ” ಎಂದೆ. ನಾನು ನೋಡಿರಲಿಲ್ಲ.

ಒಟ್ಟು ಬೆಲೆ 60 ಲಕ್ಷ. ಬರೀ ರಸೀದಿ ಕೊಟ್ಟು ಕಾಲುಭಾಗ ತೆಗೆದುಕೊಂಡರು. ನೋಂದಾಯಿತ ಕರಾರಿಲ್ಲದೆ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂದು ಮನೆ, ನಿವೇಶನ ಮಾರುವವರನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ 13ನೇ ಕಲಂ ಹೇಳುತ್ತದೆ. ನನಗೆ ಇದು ಗೊತ್ತಾದದ್ದು ಹಣ ಹೋದ ಮೇಲೆ.

ಐದು ತಿಂಗಳ ನಂತರ ಒಂದು ಭಾನುವಾರ ಹೇಳದೆ ಕೇಳದೆ ಹೋದೆವು. ಬಂಡೆ ಇರಲಿಲ್ಲ. ಬೇಲಿಯ ಬದಿಗೆ ಅದರ ತುಂಡುಗಳು ಬಿದ್ದಿದ್ದವು, ಅಂಚಿನಲ್ಲಿ ಸಾಲಾಗಿ ಕೊರೆದ ತೂತುಗಳ ಗುರುತು. ಹೊಂಗೆ ಮರದ ಬುಡ ಮಾತ್ರ ಉಳಿದಿತ್ತು. ಗೋಡೆ ಎದ್ದಿತ್ತು, ಸಿಮೆಂಟ್ ಬ್ಲಾಕಿನ ಗೋಡೆ! ಗಾರೆಯವರೊಬ್ಬರು ಕೆಂಪು ಪುಡಿ ಕಲಸಿದ ಸಿಮೆಂಟನ್ನು ಅದಕ್ಕೆ ಬಳಿದು, ಪಟ್ಟಿ ಇಟ್ಟು, ಮೊಳೆಯಿಂದ ಇಟ್ಟಿಗೆಯ ಗೆರೆ ಗೀರುತ್ತಿದ್ದರು. ಮಣ್ಣಿನ ಇಟ್ಟಿಗೆ ಎಲ್ಲಿ ಎಂದು ಕೇಳಿದೆ. “ಇಟ್ಟಿಗೆ ಬರಲೇ ಇಲ್ಲ ಸ್ವಾಮಿ, ಗೆರೆ ಎಳೆದರೆ ಸಾಕು ಎಂದಿದ್ದಾರೆ” ಎಂದರು. ಆ ಮನುಷ್ಯನ ತಪ್ಪಿಲ್ಲ. ನಾನು ಆ ಗೆರೆಗಳನ್ನೇ ನೋಡುತ್ತಾ ನಿಂತೆ. ಅಪ್ಪ ಒಂದೂ ಮಾತಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಿಜವಾದ ಮಣ್ಣಿನ ಇಟ್ಟಿಗೆ ಹೊಸದೇನೂ ಅಲ್ಲ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುತ್ತಾರೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರೇ ದಶಕಗಳಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ, ಬೆಂಗಳೂರಿನಲ್ಲೇ ಅಂಥ ಮನೆಗಳಿವೆ. ಅಂಥದ್ದೊಂದು ಮನೆ ನೋಡಿಯೇ ನನಗೆ ಆಸೆ ಹುಟ್ಟಿದ್ದು. ಆ ಆಸೆಯನ್ನೇ ಇವರು ಮಾರಿಕೊಂಡರು.

ಅವರ ಉತ್ತರಗಳನ್ನು ಕೇಳಿ. ಬಂಡೆ ಏನಾಯಿತು? “ವಾಸ್ತುವಿಗೆ ಅಡ್ಡ ಬರುತ್ತಿತ್ತು ಸರ್, ನಿಮ್ಮ ಒಳ್ಳೆಯದಕ್ಕೇ ತೆಗೆಸಿದೆವು.” ಚಿತ್ರದಲ್ಲಿ ಇತ್ತಲ್ಲ? “ಅದು ಕಲಾವಿದರ ಕಲ್ಪನೆ, ಕೊನೆಯ ಪುಟದಲ್ಲಿ ಬರೆದಿದೆ.” ಬರೆದಿದೆ ನಿಜ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಹಣ ವಾಪಸ್ ಕೊಡಿ ಎಂದೆ. “ನೀವು ನಮ್ಮ ಕುಟುಂಬದವರಿದ್ದ ಹಾಗೆ, ಹೀಗೆಲ್ಲ ಕೇಳಬಾರದು.” ಎರಡನೇ ಸಲ, “ಬೇರೆ ಗಿರಾಕಿ ಸಿಗಲಿ.” ಮೂರನೇ ಸಲ ಫೋನ್ ಎತ್ತಲಿಲ್ಲ. ಕುಟುಂಬದವರಂತೆ!

ಆ ರಾತ್ರಿ ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ಪಹಣಿ ತೆಗೆದೆ. ಹತ್ತು ನಿಮಿಷದ ಕೆಲಸ. ಜಮೀನು ಈಗಲೂ ಕೃಷಿ ಭೂಮಿ, ಮನೆ ಕಟ್ಟಲು ಬೇಕಾದ ಪರಿವರ್ತನೆಯೇ ಆಗಿಲ್ಲ. ಮಾಲೀಕರ ಕಾಲಮಿನಲ್ಲಿ ಮೂವರು ಅಣ್ಣತಮ್ಮಂದಿರು, ಮಾರುತ್ತಿರುವವರ ಹೆಸರೇ ಇಲ್ಲ. ಪಹಣಿಯ 11ನೇ ಕಾಲಮಿನಲ್ಲಿ ಸಹಕಾರ ಸಂಘದ ಸಾಲ. ರೇರಾ ನೋಂದಣಿಯೂ ಇಲ್ಲ.

ಹಾಗಾಗಿ ಪಹಣಿ, ಪರಿವರ್ತನೆಯ ಆದೇಶ, ಋಣಭಾರ ಪತ್ರ, 11ಇ ನಕ್ಷೆ (ಮಾರುವ ತುಂಡಿನ ಸರ್ವೆ ನಕ್ಷೆ) ಇಷ್ಟನ್ನೂ ನೀವೇ ತೆಗೆಸಿ, ನಿಮ್ಮದೇ ವಕೀಲರಿಗೆ ತೋರಿಸಿ, ಮಾರುವವರು ಹೇಳಿದ ವಕೀಲರಿಗಲ್ಲ. ಬಂಡೆ, ಮರ, ಇಟ್ಟಿಗೆ ಎಲ್ಲವನ್ನೂ ಕರಾರಿನಲ್ಲಿ ಬರೆಸಿ. ಮನೆಯಲ್ಲಿ ಹಿರಿಯರು ಪಹಣಿ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಸುಳ್ಳು ಜಾಹೀರಾತು ನಂಬಿ ಮೋಸಹೋದವರಿಗೆ ಬಡ್ಡಿ ಸಮೇತ ಹಣ ಹಿಂತಿರುಗಿಸಬೇಕೆಂದು ಅದೇ ಕಾಯ್ದೆಯ 12ನೇ ಕಲಂ ಹೇಳುತ್ತದೆ. ನಾನು ದೂರು ಕೊಡಲು ಕಾಗದ ಜೋಡಿಸುತ್ತಿದ್ದೇನೆ.

ಮೊನ್ನೆ ತಂಗಿಯ ಮೊಬೈಲಿಗೆ ಅವರದೇ ಜಾಹೀರಾತು ಬಂದಿದೆ, ಎರಡನೇ ಹಂತವಂತೆ. ಅದೇ ಬಂಡೆ, ಅದೇ ಹೊಂಗೆ ಮರ.